ಮೇಸ್ತ್ರಿಯ ಹೆಬ್ಬೆರಳ ಉಗುರು

ಡೀಸೆಲಕ್ಕನಿಗೆ ಆ ಹೆಸರಿಟ್ಟವನು ಎದುರು ಶೆಡ್ಡಿನ ಬ್ಯಾಟರಿಯವನು. ಅವಳು ಬೀದಿಯ ತಿರುವಿಗೆ ಬರುವ ಮೊದಲೇ ಅವಳ ವಾಸನೆ ಬರುತ್ತದೆ ಎಂಬುದು ಅವನ ತಮಾಷೆ. "ಅಕ್ಕ ಬಂದ್ಳು, ಸಿಗರೇಟು ಆರಿಸ್ರಪ್ಪೋ!" ಎಂದು ದಿನವೂ ಕೂಗುತ್ತಿದ್ದ. ಅವಳೇನು ಬೇಸರಪಡುವವಳಲ್ಲ. ಮದುವೆಯಾದ ಹೊಸತರಲ್ಲಿ ಗಂಡನಿಗೆ ಊಟದ ಡಬ್ಬಿ ಕೊಟ್ಟು ಹೋಗಲು ಶೆಡ್ಡಿಗೆ ಬಂದಿದ್ದಳು. ಮೂಲೆಯಲ್ಲಿ ಗುಡ್ಡೆ ಬಿದ್ದಿದ್ದ ಮಡ್ಡಿ ಹಿಡಿದ ಸಾಮಾನು ಕಣ್ಣಿಗೆ ಚುಚ್ಚಿತು. ತೋಳು ಮಡಚಿ, ಒಂದು ಅಗಲ ತಟ್ಟೆಗೆ ಡೀಸೆಲ್ ಸುರಿದುಕೊಂಡು ತೊಳೆಯಲು ಕೂತಳು. ಅಂದು ಕೂತವಳು ಇನ್ನೂ ಎದ್ದಿಲ್ಲ. ಅತ್ತೆ ಬದುಕಿರುವ ತನಕ "ಇವಳ ಅಡುಗೆಯೆಲ್ಲ ಡೀಸೆಲ್ ನಾತ" ಎಂದು ಗೊಣಗುತ್ತಿದ್ದಳು, ಎರಡನೇ ಸಲ ಬಡಿಸಿಕೊಳ್ಳುತ್ತಲೇ ಗೊಣಗುತ್ತಿದ್ದಳು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಡೀಸೆಲಕ್ಕನ ಪಾಲಿಗೆ ಕೆಸರೇನೋ ಧಾರಾಳವಾಗಿ ಸಿಕ್ಕಿತು. ಮೊಸರಿನ ವಿಷಯ ಅವಳು ಯಾರನ್ನೂ ಕೇಳಿದವಳಲ್ಲ.

ಗಂಡ ಇಂಜಿನ್ ಮೇಸ್ತ್ರಿ. ಇಂಜಿನ್ ಬಿಚ್ಚಿ ಜೋಡಿಸುವವರು ಆ ಬೀದಿಯಲ್ಲಿ ಬೇಕಾದಷ್ಟು ಜನರಿದ್ದರು. ಆದರೆ ಹಳೆಯ ಕಾರಿನ ಇಂಜಿನ್ನಿಗೆ ಏನಾಗಿದೆ, ಎಷ್ಟು ಕೆಲಸ ಕೇಳುತ್ತದೆ, ಅಷ್ಟು ಕೆಲಸಕ್ಕೆ ಅದು ಯೋಗ್ಯವೇ ಎಂದು ಹೇಳುವುದಕ್ಕೆ ಇವನೇ ಬೇಕಿತ್ತು. ಮೊದಲು ತಣ್ಣಗಿರುವ ಇಂಜಿನ್ನನ್ನು ಚಾಲೂ ಮಾಡಿಸಿ ಹಿಂದೆ ಹೋಗಿ ಕೂತು ಹೊಗೆ ನೋಡುತ್ತಿದ್ದ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಬಿಳಿ ಹೊಗೆ ನಿಲ್ಲದೆ ಬಂದರೆ ನೀರು ನುಗ್ಗುತ್ತಿದೆ. ಆಮೇಲೆ ಪ್ಲಗ್ಗುಗಳನ್ನು ಬಿಚ್ಚಿ, ಒಂದೊಂದು ಸಿಲಿಂಡರಿಗೂ ಮೀಟರು ಸಿಕ್ಕಿಸಿ ಅದರ ದಮ್ಮು, ಅಂದರೆ ಒಳಗಿನ ಒತ್ತಡ, ನೋಡುತ್ತಿದ್ದ. ದಮ್ಮು ಕಡಿಮೆ ಇದ್ದರೆ ಒಂದು ಚಮಚ ಆಯಿಲ್ ಒಳಗೆ ಬಿಟ್ಟು ಮತ್ತೆ ನೋಡುವುದು. ಮೀಟರಿನ ಮುಳ್ಳು ಏರಿದರೆ ಸೋರುತ್ತಿರುವುದು ಪಿಸ್ಟನ್ ಸುತ್ತಿನ ರಿಂಗಿನ ಕಡೆ, ಏರದಿದ್ದರೆ ಮೇಲಿನ ವಾಲ್ವಿನ ಕಡೆ. ಇಷ್ಟನ್ನು ಯಾರಾದರೂ ಮಾಡಿಯಾರು. ಮೇಸ್ತ್ರಿಯ ಹೆಸರು ನಿಂತಿದ್ದುದು ಇದಾದ ಮೇಲಿನ ಒಂದು ಕೆಲಸದ ಮೇಲೆ.

ರಿಂಗುಗಳು ವರ್ಷಗಟ್ಟಲೆ ಮೇಲೆ ಕೆಳಗೆ ಓಡಾಡಿ ಸಿಲಿಂಡರಿನ ಗೋಡೆಯನ್ನು ಸವೆಸುತ್ತವೆ. ತೀರ ಮೇಲಿನ ಅಂಚನ್ನು ಮಾತ್ರ ಅವು ಮುಟ್ಟುವುದಿಲ್ಲ. ಸವೆದ ಜಾಗಕ್ಕೂ ಸವೆಯದ ಅಂಚಿಗೂ ನಡುವೆ ಕಣ್ಣಿಗೆ ಕಾಣದಂಥ ಸಣ್ಣ ಮೆಟ್ಟಿಲೊಂದು ಏಳುತ್ತದೆ. ಮೇಸ್ತ್ರಿ ಇಂಜಿನ್ನಿನ ತಲೆ ಬಿಚ್ಚಿಟ್ಟು, ಬಲ ಹೆಬ್ಬೆರಳಿನ ಉಗುರನ್ನು ಸಿಲಿಂಡರಿನೊಳಗಿಂದ ಮೇಲಕ್ಕೆ ಎಳೆದುಕೊಂಡು ಬರುತ್ತಿದ್ದ. ಉಗುರು ತಡೆದರೆ ಬೋರು, ಜಾರಿದರೆ ರಿಂಗು. ಬೋರು ಎಂದರೆ ಸಿಲಿಂಡರುಗಳಿರುವ ಇಡೀ ಬ್ಲಾಕನ್ನು ಲೇತಿನವನಿಗೆ ಕಳಿಸಿ ಒಳಗೋಡೆ ಕೊರೆಸಬೇಕು, ವಾರಗಟ್ಟಲೆ ಕಾಯಬೇಕು. ರಿಂಗು ಎಂದರೆ ಹೊಸ ರಿಂಗು ಹಾಕಿ ನಾಳೆಯೋ ನಾಳಿದ್ದೋ ಗಾಡಿ ಓಡಿಸಿಕೊಂಡು ಹೋಗಬಹುದು. ಮೆಟ್ಟಿಲಿರುವ ಸಿಲಿಂಡರಿಗೆ ಹೊಸ ರಿಂಗು ಹಾಕಿದಿರೋ, ಕೆಟ್ಟಿರಿ. ಹೊಸ ರಿಂಗಿನ ಅಂಚು ಹೋಗಿ ಮೆಟ್ಟಿಲಿಗೆ ಬಡಿಯುತ್ತದೆ, ಮುರಿಯುತ್ತದೆ, ಚೂರುಗಳು ಗೋಡೆಯನ್ನು ಗೀರಿ ಹಾಕುತ್ತವೆ, ಇಂಜಿನ್ ನಡುದಾರಿಯಲ್ಲಿ ಕೂರುತ್ತದೆ. ಈ ಪಾಠವನ್ನು ಬೀದಿಯವರಿಗೆಲ್ಲ ಹೇಳಿಕೊಟ್ಟವನೂ ಮೇಸ್ತ್ರಿಯೇ. ಬೇರೆ ಗ್ಯಾರೇಜಿನವರು ತಮ್ಮ ಬ್ಲಾಕುಗಳನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ಇವನ ಉಗುರಿಗೆ ತೋರಿಸಲು ಬರುತ್ತಿದ್ದರು.

ಅಳತೆಯ ಗೇಜು ಶೆಡ್ಡಿನಲ್ಲಿ ಇರಲಿಲ್ಲವೆಂದಲ್ಲ. ಪೆಟ್ಟಿಗೆಯೊಳಗೆ ಎಣ್ಣೆ ಬಟ್ಟೆ ಸುತ್ತಿಕೊಂಡು ಸುಖವಾಗಿ ಮಲಗಿತ್ತು. ಯಾರಾದರೂ ಕೇಳಿದರೆ ಮೇಸ್ತ್ರಿ, "ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕಪ್ಪಾ?" ಎಂದು ನಗುತ್ತಿದ್ದ.

ಆ ಉಗುರಿನ ಆರೈಕೆ ಡೀಸೆಲಕ್ಕನದು. ರಿಂಗು ಹಾಕುವ ದಿನ ಉಗುರಿನ ಸಂದಿಯಲ್ಲಿ ಮಣ್ಣಿನ ಕಣ ಇರಬಾರದು, ಇದ್ದರೆ ಸೀದಾ ಸಿಲಿಂಡರಿಗೇ ಇಳಿಯುತ್ತದೆ. ಹಾಗಾಗಿ ಜೋಡಣೆಯ ದಿನ ಬೆಳಗ್ಗೆ ಗಂಡ ಹೆಂಡತಿ ಇಬ್ಬರೂ ಶೆಡ್ಡಿನ ಮೆಟ್ಟಿಲ ಮೇಲೆ ಕೂರುವುದು ಅವರ ರೂಢಿ. ಅವಳು ಅವನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಗ್ಯಾಸ್ಕೆಟ್ ಕಾಗದ ಕತ್ತರಿಸುವ ಕತ್ತರಿಯಿಂದ ಉಗುರುಗಳನ್ನು ಒಪ್ಪ ಮಾಡುತ್ತಿದ್ದಳು. ಆ ಉಗುರು ಸಾಮಾನ್ಯದ್ದಲ್ಲ, ಪೇಟೆಯ ನೇಲ್ ಕಟರು ಅದರ ಮುಂದೆ ಬಾಯಿ ಬಿಡುತ್ತಿತ್ತು. ಉಳಿದ ಒಂಬತ್ತನ್ನು ಗಿಡ್ಡ ಮಾಡಿ, ಹೆಬ್ಬೆರಳಿನದನ್ನು ಮಾತ್ರ ಕೂದಲೆಳೆಯಷ್ಟು ಸವರಿ, ನಯವಾದ ಉಜ್ಜುಕಾಗದದಿಂದ ಅಂಚು ಹದ ಮಾಡುತ್ತಿದ್ದಳು. ಅಷ್ಟು ಹೊತ್ತೂ ಮೇಸ್ತ್ರಿ ಬ್ಯಾಟರಿಯವನೊಡನೆ ಹರಟುತ್ತಿದ್ದ. "ರಾಜಯೋಗ ಕಣಯ್ಯಾ ನಿಂದು!" ಎಂದು ಬ್ಯಾಟರಿಯವನು ಕಿಚಾಯಿಸುತ್ತಿದ್ದ.

ಈಚೆಗೆ ಡೀಸೆಲಕ್ಕನ ಮನಸ್ಸಿನಲ್ಲಿ ಒಂದು ಕಿರಿಕಿರಿ ಸೇರಿಕೊಂಡಿತ್ತು. ಮೇಸ್ತ್ರಿಯ ಕೈಯಿಂದ ನಟ್ಟುಗಳು ಬೀಳತೊಡಗಿದ್ದವು. ಬೀಗದ ಕೈ ಬೇಕಾದರೆ ಜೇಬಿಗೆ ಕೈ ಹಾಕಿ ತಡಕುವುದನ್ನು ಬಿಟ್ಟು, ಇದ್ದುದನ್ನೆಲ್ಲ ಹೊರಗೆ ಸುರಿದು ಕಣ್ಣಿನಿಂದ ಹುಡುಕುತ್ತಿದ್ದ. ವಯಸ್ಸಾಯಿತು, ಕಣ್ಣು ಮಂದವಾಗಿರಬೇಕು ಎಂದುಕೊಂಡು ಹಟ ಹಿಡಿದು ಕನ್ನಡಕ ಮಾಡಿಸಿಕೊಟ್ಟಳು. ಕನ್ನಡಕದಲ್ಲಿ ಅವನು ದೊಡ್ಡ ಆಫೀಸರನಂತೆ ಕಂಡನೇ ಹೊರತು ನಟ್ಟು ಬೀಳುವುದು ನಿಲ್ಲಲಿಲ್ಲ. ಇನ್ನೊಂದು ಸಂಗತಿ ಅವಳಿಗೆ ಆಗ ಅಷ್ಟಾಗಿ ಹೊಳೆದಿರಲಿಲ್ಲ. ಶೆಡ್ಡಿಗೆ ಬಂದ ಇಂಜಿನ್ನುಗಳೆಲ್ಲ ಒಂದರ ಹಿಂದೆ ಒಂದು 'ರಿಂಗು' ಎಂದೇ ಪಾಸಾಗುತ್ತಿದ್ದವು. "ಈಗ ಒಳ್ಳೇ ಆಯಿಲ್ ಬರ್ತಿದೆ ಕಣೆ, ಬೋರು ಸವೀತಾನೇ ಇಲ್ಲ" ಎಂದು ಮೇಸ್ತ್ರಿ ಖುಷಿಯಿಂದ ಹೇಳುತ್ತಿದ್ದ. ಲೇತಿನವನು ಮಾತ್ರ ಒಂದು ದಿನ ದಾರಿಯಲ್ಲಿ ನಿಲ್ಲಿಸಿ, "ಏನ್ ಮೇಸ್ತ್ರಿ, ನನ್ ಮೇಲೆ ಕೋಪಾನಾ? ನಿಮ್ ಕಡೆಯಿಂದ ಒಂದು ಬ್ಲಾಕೂ ಬರ್ಲಿಲ್ಲ" ಎಂದಿದ್ದ. ಮೇಸ್ತ್ರಿಗೆ ಆ ಮಾತು ಯಾಕೋ ಹಿಡಿಸಿರಲಿಲ್ಲ.

ಹೀಗಿರುವಾಗ ಟ್ಯಾಕ್ಸಿಯಮ್ಮನ ಕಾರು ಬಂತು. ಯಾರೋ ಓಡಿಸಿ ಬಿಟ್ಟಿದ್ದ ಕಾರನ್ನು ಕೊಂಡು ಟ್ಯಾಕ್ಸಿ ಮಾಡಿಕೊಂಡಿದ್ದ ಹೆಂಗಸು ಅವಳು. ಗಟ್ಟಿ ಬಾಯಿ, ಮೆತ್ತನೆ ಮನಸ್ಸು. ಮೂತ್ರಪಿಂಡ ಕೆಟ್ಟ ರೋಗಿಗಳನ್ನು ದಿನ ಬಿಟ್ಟು ದಿನ ದೂರದ ಆಸ್ಪತ್ರೆಗೆ ರಕ್ತ ಶುದ್ಧಿಗೆ ಕರೆದೊಯ್ದು, ಸಂಜೆ ಮನೆಗೆ ಬಿಡುವುದು ಅವಳ ಕೆಲಸ. ಕಾರು ನೀಲಿ ಹೊಗೆ ಕಾರುತ್ತಿತ್ತು. ಮೇಸ್ತ್ರಿ ಎಲ್ಲ ಪರೀಕ್ಷೆ ಮಾಡಿದ. ಒಂದು ಚಮಚ ಆಯಿಲ್ ಬಿಟ್ಟಾಗ ಮುಳ್ಳು ಏರಿತು. ತಲೆ ಬಿಚ್ಚಿಯಾಯಿತು. ಟ್ಯಾಕ್ಸಿಯಮ್ಮ ಪಕ್ಕದಲ್ಲಿ ನಿಂತು ಕೈ ಹಿಸುಕಿಕೊಳ್ಳುತ್ತಿದ್ದಳು.

"ಮೇಸ್ತ್ರಣ್ಣಾ, ಬೋರು ಅನ್ಬೇಡಿ. ವಾರಗಟ್ಲೆ ಗಾಡಿ ನಿಂತ್ರೆ ಅವರೆಲ್ಲ ಏನ್ ಮಾಡ್ತಾರೆ? ಒಬ್ಬ ತಾತ ಅಂತೂ ನಾನು ಎತ್ತಿ ಕೂರಿಸಿದ್ರೇನೇ ಕೂರೋದು."

ಮೇಸ್ತ್ರಿ ಕಣ್ಣು ಮುಚ್ಚಿ ಒಂದೊಂದು ಸಿಲಿಂಡರಿಗೂ ಉಗುರು ಎಳೆದ. ಮೂರನೆಯದಕ್ಕೆ ಎರಡು ಸಲ ಎಳೆದ. ಆಮೇಲೆ ಕೈ ಒರೆಸಿಕೊಂಡು, "ಜಾರ್ತಾ ಇದೆ. ರಿಂಗು ಸಾಕು. ನಾಳೆ ಜೋಡಿಸ್ತೀನಿ, ನಾಳಿದ್ದು ತಗೊಂಡು ಹೋಗು" ಎಂದ. ಟ್ಯಾಕ್ಸಿಯಮ್ಮ ಸಂತೋಷ ತಡೆಯಲಾರದೆ, ಡೀಸೆಲ್ ಬಳಿದುಕೊಂಡು ಕೂತಿದ್ದ ಡೀಸೆಲಕ್ಕನನ್ನೇ ತಬ್ಬಿಕೊಂಡು ಹೋದಳು.

ಮೇಸ್ತ್ರಿ ಟೀ ಕುಡಿಯಲು ಹೋದ. ಡೀಸೆಲಕ್ಕ ಬ್ಲಾಕನ್ನು ತೊಳೆಯತೊಡಗಿದಳು. ಮೂರನೆಯ ಸಿಲಿಂಡರಿನ ಬಾಯಿಗೆ ಅಂಟಿದ್ದ ಕರಿಯನ್ನು ಬಟ್ಟೆಯಿಂದ ಉಜ್ಜುವಾಗ ಬಟ್ಟೆಯ ನೂಲು ಎಲ್ಲೋ ಸಿಕ್ಕಿಕೊಂಡಿತು. ಉಗುರಿನಿಂದ ನೂಲು ಬಿಡಿಸಲು ಹೋದಳು. ಉಗುರು ಟಕ್ಕೆಂದು ನಿಂತಿತು.

ಇಷ್ಟು ವರ್ಷ ತೊಳೆದರೂ ಅವಳು ಬೇಕೆಂದು ಸಿಲಿಂಡರಿಗೆ ಉಗುರು ಎಳೆದವಳಲ್ಲ. ಅದು ಮೇಸ್ತ್ರಿಯ ಜಾಗ, ಅದಕ್ಕೆ ಕೈ ಹಾಕಬೇಕೆಂದು ಅವಳಿಗೆ ಅನ್ನಿಸಿದ್ದೇ ಇಲ್ಲ. ಈಗ ಸುತ್ತಮುತ್ತ ನೋಡಿ, ಕದಿಯುವವಳಂತೆ ಇನ್ನೊಮ್ಮೆ ಎಳೆದಳು. ನಿಂತಿತು. ಕೈ ಒರೆಸಿಕೊಂಡು ಬೇರೆ ಬೆರಳಿನಿಂದ ಎಳೆದಳು. ಅದೂ ನಿಂತಿತು. ಒಂದನೆಯದರಲ್ಲಿ, ನಾಲ್ಕನೆಯದರಲ್ಲಿ ನೋಡಿದಳು. ಅಲ್ಲಿ ಅಷ್ಟಿಲ್ಲ, ಆದರೂ ಇತ್ತು.

ಮೇಸ್ತ್ರಿಗೆ ಇದು ಸಿಗದೆ ಇರಲು ಸಾಧ್ಯವೇ? ಇಲ್ಲ. ಹಾಗಾದರೆ ಸಿಕ್ಕಿಯೂ ಸುಳ್ಳು ಹೇಳಿದನೇ? ಟ್ಯಾಕ್ಸಿಯಮ್ಮನ ಮುಖ ನೋಡಿ ಪಾಪ ಅನ್ನಿಸಿತೇ? ಇಷ್ಟು ಕಾಲ ಯಾರ ಕಣ್ಣೀರಿಗೂ ಕರಗಿ ಬೋರನ್ನು ರಿಂಗು ಎನ್ನದವನು ಈಗ ಹಾಗೆ ಶುರು ಮಾಡಿದನೇ? ಅವಳಿಗೆ ಸಿಟ್ಟೂ ಬಂತು, ಭಯವೂ ಆಯಿತು. ಆ ತಾತನನ್ನು ಕೂರಿಸಿಕೊಂಡ ಕಾರು ಮನೆಯಿಲ್ಲದ ದಾರಿಯಲ್ಲಿ ಕೂತುಬಿಡುವುದು ಕಣ್ಣಿಗೆ ಕಟ್ಟಿತು. ಬಾಯಿ ಬಿಟ್ಟು ಹೇಳೋಣವೆಂದರೆ ಮೇಸ್ತ್ರಿಯ ಮಾತನ್ನು ಅವನ ಹೆಂಡತಿಯೇ ಸುಳ್ಳು ಮಾಡಿದಳೆಂದು ಬೀದಿಯೆಲ್ಲ ಗುಲ್ಲಾಗುತ್ತದೆ. ಉಗುರು ಸುಳ್ಳಾದರೆ ಆ ಶೆಡ್ಡಿಗೆ ಯಾರು ಬರುತ್ತಾರೆ? ಅವನಾದರೂ ಏನೆಂದು ಉಳಿಯುತ್ತಾನೆ? ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಸಂಜೆ ಮನೆಯಲ್ಲಿ ಅವನು ಕಾಲು ಚಾಚಿ ಕೂತಿದ್ದಾಗ ಮೆಲ್ಲಗೆ ಮಾತು ತೆಗೆದಳು.

"ರೀ, ಆ ಟ್ಯಾಕ್ಸಿ ಇಂಜಿನ್ನಿಗೆ ಒಂದ್ಸಲ ಗೇಜ್ ಹಾಕಿ ನೋಡ್ಬಾರ್ದಾ?"

"ಯಾಕೆ?"

"ಸುಮ್ನೆ ಅಂದೆ. ರೋಗಿಗಳು ಓಡಾಡೋ ಗಾಡಿ."

"ಲೇತಿನವನು ಆಯ್ತು, ಈಗ ನಿಂಗೂ ನನ್ನ ಉಗುರಿನ ಮೇಲೆ ಅನುಮಾನ ಶುರುವಾಯ್ತಾ?"

"ಅನುಮಾನ ಅಲ್ಲಾರೀ. ಆ ತಂಗಿ ಅಷ್ಟು ಬೇಡ್ಕೊಂಡ್ಳಲ್ಲ. ಪಾಪ ಅಂತ ಏನಾದ್ರೂ..."

ಅವನು ಕಾಲು ಮಡಚಿ ನೆಟ್ಟಗೆ ಕೂತ. ಸಿಟ್ಟಾಗುತ್ತಾನೆ ಎಂದುಕೊಂಡಿದ್ದಳು. ಸಿಟ್ಟಾಗಲಿಲ್ಲ, ನೊಂದುಕೊಂಡ. "ಪಾಪ ಅಂದ್ರೆ ಇಂಜಿನ್ ಓಡುತ್ತಾ? ನಾನು ಯಾವತ್ತಾದ್ರೂ ಹಾಗೆ ಮಾಡಿದೀನಾ? ದೇವರಾಣೆ ಕಣೆ, ಉಗುರಿಗೆ ಸಿಗ್ಲಿಲ್ಲ. ಎರಡು ಸಲ ನೋಡ್ದೆ. ಎಣ್ಣೆ ಹಚ್ಚಿದ ಹಾಗೆ ಜಾರ್ತು."

ಅವನು ಸುಳ್ಳಾಡುವಾಗ ಎಡ ಹುಬ್ಬು ಏರುತ್ತದೆ, ಅದು ಅವಳಿಗೆ ಗೊತ್ತು. ಹುಬ್ಬು ಏರಲಿಲ್ಲ. ಸುಳ್ಳಲ್ಲ ಎಂದು ಒಂದು ಕ್ಷಣ ನಿರಾಳವಾಯಿತು. ಮರುಕ್ಷಣವೇ ಅದಕ್ಕಿಂತ ದೊಡ್ಡ ದಿಗಿಲು ಬಂತು. ಸುಳ್ಳಲ್ಲದಿದ್ದರೆ ಮತ್ತೇನು? ನನ್ನ ಉಗುರೇ ತಪ್ಪಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಡೀಸೆಲಿನಲ್ಲಿ ನೆಂದ ಉಗುರು, ಅದಕ್ಕೇನು ಗೊತ್ತು?

ಬೆಳಗ್ಗೆ ಅವನಿಗಿಂತ ಮುಂಚೆ ಹೊರಟು ಶೆಡ್ಡು ತೆಗೆದಳು. ಒಣಗಿದ ಕೈಯಿಂದ, ಒಣಗಿದ ಸಿಲಿಂಡರಿಗೆ, ನಿಧಾನವಾಗಿ ಉಗುರು ಎಳೆದಳು. ಇದ್ದದ್ದು ಇದ್ದ ಹಾಗೇ ಇತ್ತು.

ಬ್ಲಾಕಿನ ಪಕ್ಕ ಕೂತೇ ಅವಳು ಒಂದು ನಿರ್ಧಾರ ಮಾಡಿದಳು. ಹೆಬ್ಬೆರಳಿನ ಉಗುರನ್ನು ಬುಡಮಟ್ಟ ಕತ್ತರಿಸಿಬಿಡುವುದು. ಅಯ್ಯೋ, ಕೈ ಜಾರಿತು ಅನ್ನುವುದು. ಉಗುರೇ ಇಲ್ಲದ ಮೇಲೆ ಜೋಡಿಸುವ ಮುಂಚೆ ಮತ್ತೊಮ್ಮೆ ನೋಡಬೇಕೆಂದರೆ ಗೇಜು ತೆಗೆಯಲೇಬೇಕು. ಅವನು ಜೋಡಿಸುವ ಮುಂಚೆ ಇನ್ನೊಮ್ಮೆ ನೋಡದೆ ಬಿಡುವವನಲ್ಲ. ಗೇಜು ಹೇಳಬೇಕಾದ್ದನ್ನು ಹೇಳುತ್ತದೆ. ಹೆಂಡತಿ ಹೇಳಿದಳೆಂದಾಗುವುದಿಲ್ಲ, ಉಗುರು ತಪ್ಪಿತೆಂದು ಬೀದಿಗೂ ಗೊತ್ತಾಗುವುದಿಲ್ಲ. ಬೈಗುಳ ಬೀಳುತ್ತದೆ, ಬೀಳಲಿ. ಬೈಸಿಕೊಳ್ಳುವುದು ಅವಳಿಗೇನು ಹೊಸದಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುವುದು ನೆನಪಾಗಿ, ಆ ದೊಣ್ಣೆ ತಾನೇ ಆಗಬೇಕಾಯಿತಲ್ಲ ಎಂದು ದುಃಖವಾಯಿತು. ತಿಂಗಳಾನುಗಟ್ಟಲೆ ತಾನೇ ಸವರಿ ಸವರಿ ಬೆಳೆಸಿದ ಉಗುರು.

ಮೇಸ್ತ್ರಿ ಬಂದ. ಎಂದಿನಂತೆ ಮೆಟ್ಟಿಲ ಮೇಲೆ ಕೂತು ಕೈ ಕೊಟ್ಟು, ಮುಖವನ್ನು ಬೀದಿಯ ಕಡೆ ತಿರುಗಿಸಿದ. ಬ್ಯಾಟರಿಯವನು ಎದುರಿನಿಂದಲೇ ಮಾತಿಗೆ ಶುರು ಮಾಡಿದ. ಅವನ ಭಾವಮೈದ ಹೊಸದಾಗಿ ಕೊಂಡ ಹಳೇ ಕಾರಿನ ಕತೆ. ಓಟದ ಮೀಟರು ಹಿಂದಕ್ಕೆ ತಿರುಗಿಸಿ ಮಾರಿದ್ದಾರಂತೆ. ಮೀಟರು ತೋರಿಸುವ ಓಟಕ್ಕಿಂತ ಪೆಡಲುಗಳೇ ಜಾಸ್ತಿ ಸವೆದಿವೆಯಂತೆ. ಮೇಸ್ತ್ರಿ ಹೊಟ್ಟೆ ಕುಣಿಸಿ ನಗುತ್ತಿದ್ದ.

ಡೀಸೆಲಕ್ಕ ಕಿರುಬೆರಳಿನಿಂದ ಶುರು ಮಾಡಿದಳು. ಹೆಬ್ಬೆರಳಿಗೆ ಬಂದಳು. ಕತ್ತರಿಯ ಬಾಯನ್ನು ಉಗುರಿನ ತೀರ ಕೆಳಗೆ ಕೂರಿಸಿ ಒತ್ತಿದಳು. ದಪ್ಪ ಉಗುರು ಒಪ್ಪಲಿಲ್ಲ. ಇನ್ನಷ್ಟು ಒತ್ತಿದಳು. ಉಗುರು ಚಟ್ಟೆಂದು ಮುರಿಯಿತು, ಕತ್ತರಿ ಮಾಂಸಕ್ಕೆ ಇಳಿಯಿತು.

ಅವಳು ಕಣ್ಣು ಮುಚ್ಚಿಕೊಂಡು ಅವನ ಕೂಗಿಗೆ ಕಾದಳು.

ಕೂಗು ಬರಲಿಲ್ಲ. "ಪೆಡಲಿಗೆ ಹೊಸಾ ರಬ್ಬರ್ ಹಾಕೋದನ್ನ ಮರೆತಿದ್ದಾನೆ ನೋಡು, ಕಳ್ಳನಿಗೂ ಒಂದು ಅಚ್ಚುಕಟ್ಟು ಬೇಡ್ವೇನಯ್ಯಾ?" ಎಂದು ಮೇಸ್ತ್ರಿ ಬೀದಿಯ ಕಡೆಗೇ ಹೇಳುತ್ತಿದ್ದ. ಅವಳು ಕಣ್ಣು ತೆರೆದಳು. ರಕ್ತ ಹೆಬ್ಬೆರಳಿನಿಂದ ಅಂಗೈಗೆ, ಅಂಗೈಯಿಂದ ಅವಳ ಬೆರಳುಗಳ ಸಂದಿಗೆ ಇಳಿಯುತ್ತಿತ್ತು. ಅವನು ನಗುತ್ತಿದ್ದ. ಅವಳಿಗೆ ಕತ್ತರಿಯನ್ನು ಕೆಳಗಿಡುವುದೂ ತೋಚಲಿಲ್ಲ.

ಬ್ಯಾಟರಿಯವನನ್ನು ಯಾರೋ ಗಿರಾಕಿ ಕರೆದರು, ಅವನು ಒಳಗೆ ಹೋದ. ಮೇಸ್ತ್ರಿ ಅವಳತ್ತ ತಿರುಗಿ, "ಆಯ್ತೇನೇ?" ಎಂದ. ರಕ್ತ ನೋಡಿದ. ಗಾಬರಿಯಿಂದ ಕತ್ತರಿ ಕಿತ್ತು ಎಸೆದು ಅವಳ ಕೈಗಳನ್ನು ಹಿಡಿದುಕೊಂಡ.

"ಅಯ್ಯಯ್ಯೋ! ಎಲ್ಲೇ ಕುಯ್ಕೊಂಡೆ? ತೋರ್ಸು, ಎಲ್ಲಿ?"

ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮಗುಚಿ, ಕನ್ನಡಕ ಸರಿಮಾಡಿಕೊಂಡು ಗಾಯ ಹುಡುಕುತ್ತಿದ್ದ. ಒರೆಸಿದಷ್ಟೂ ರಕ್ತ ಬರುತ್ತಿತ್ತು.

"ನಂದಲ್ಲಾರೀ" ಎಂದಳು.

ಅವನ ಕೈ ನಿಂತಿತು. ತನ್ನ ಹೆಬ್ಬೆರಳನ್ನು ಮೇಲೆತ್ತಿ ನೋಡಿಕೊಂಡ. ಬಹಳ ಹೊತ್ತು ನೋಡಿಕೊಂಡ. ಇನ್ನೊಂದು ಕೈಯಿಂದ ಗಾಯದ ಬಾಯಿಯನ್ನೇ ಹಿಸುಕಿದ. ಅವನ ಮುಖದಲ್ಲಿ ನೋವಿನ ಒಂದು ಗೆರೆಯೂ ಮೂಡಲಿಲ್ಲ. ಮರಗಟ್ಟಿದ್ದು ಬೆರಳು, ನಾನು ಕಣ್ಣಿಗೆ ಕನ್ನಡಕ ಮಾಡಿಸಿಕೊಟ್ಟಿದ್ದೆನಲ್ಲ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದೆನಲ್ಲ ಎಂದು ಅವಳಿಗೆ ಅಳು ಉಕ್ಕಿ ಬಂತು. ಅವಳು ಬಟ್ಟೆ ಹರಿದು ಬಿಗಿಯಾಗಿ ಸುತ್ತಿದಳು. ಅವನು ಮಗುವಿನಂತೆ ಸುತ್ತಿಸಿಕೊಂಡ.

"ಬೇಕೂಂತ ಕತ್ತರಿಸಿದ್ಯಾ?" ಎಂದು ಕೇಳಿದ.

"ಹೂಂ. ಇಷ್ಟು ಆಳಕ್ಕೆ ಅಂದ್ಕೊಂಡಿರ್ಲಿಲ್ಲ."

"ಮೂರನೇದಾ?"

"ಮೂರನೇದು ಜಾಸ್ತಿ. ಮಿಕ್ಕಿದ್ರಲ್ಲೂ ಸ್ವಲ್ಪ ಇದೆ."

"ನಿನ್ನ ಉಗುರಿಗೆ ಚೆನ್ನಾಗಿ ಸಿಗ್ತಾ?"

"ಸಿಗ್ತು. ಬೆಳಗ್ಗೆ ಬಂದೂ ನೋಡ್ದೆ."

ಅವನು ಎಡಗೈಯಿಂದ ಫೋನ್ ತೆಗೆದು ಟ್ಯಾಕ್ಸಿಯಮ್ಮನಿಗೆ ಹಚ್ಚಿದ. "ಬೋರು ಮಾಡಿಸ್ಬೇಕಮ್ಮ. ನಿನ್ನೆ ನಾನು ಹೇಳಿದ್ದು ತಪ್ಪು" ಎಂದ. ಆ ಕಡೆಯಿಂದ ಅವಳ ಗಟ್ಟಿ ದನಿ ಶೆಡ್ಡಿಗೆಲ್ಲ ಕೇಳುತ್ತಿತ್ತು. ತಾತ, ಆಸ್ಪತ್ರೆ, ನಿಮ್ಮನ್ನು ನಂಬಿದ್ದೆ ಎಂದೆಲ್ಲ ಕೂಗುತ್ತಿದ್ದಳು. ಅವನು ಒಂದಕ್ಕೂ ಎದುರಾಡಲಿಲ್ಲ. "ಅಷ್ಟು ದಿನಕ್ಕೆ ಬೇರೆ ಕಾರು ನಾನೇ ಹೊಂದಿಸಿ ಕೊಡ್ತೀನಿ. ತಪ್ಪು ನಂದು" ಎಂದು ಮತ್ತೊಮ್ಮೆ ಹೇಳಿ ಫೋನ್ ಇಟ್ಟ. ಬಯ್ಯುತ್ತಾನೆ ಎಂದು ಕಾದಿದ್ದ ಡೀಸೆಲಕ್ಕನಿಗೆ, ಒಂದು ಸಲ ಬೈದಾದರೂ ಬಿಡಲಿ ಅನ್ನಿಸಿತು.

"ಈಚೆಗೆ ಬಂದಿದ್ದೆಲ್ಲ ಜಾರ್ತಾ ಇತ್ತಲ್ಲೇ" ಎಂದ ಅವನು, ಅವಳ ಕಡೆ ನೋಡದೆ. "ಎಲ್ಲಾನೂ ರಿಂಗು ರಿಂಗು ಅಂತ ಕಳಿಸ್ದೆ."

ಆ ಕಾರುಗಳು ಈಗ ಎಲ್ಲೆಲ್ಲಿ, ಯಾರನ್ನು ಕೂರಿಸಿಕೊಂಡು ಓಡುತ್ತಿವೆಯೋ ಅವಳಿಗಾದರೂ ಏನು ಗೊತ್ತು? ಒಬ್ಬೊಬ್ಬರನ್ನೇ ಹುಡುಕಿ ಕರೆಸಬೇಕು, ಹೇಳಬೇಕು, ಬಿಚ್ಚಬೇಕು. ಅವನೂ ಅದನ್ನೇ ಯೋಚಿಸುತ್ತಿದ್ದಾನೆ ಎಂಬುದು ಅವನ ಕುತ್ತಿಗೆಯ ನರ ನೋಡಿದರೇ ತಿಳಿಯುತ್ತಿತ್ತು.

ಆದರೆ ಅದಕ್ಕೂ ಮೊದಲು ಅವನು ಅವಳ ಅಂಗಿಯ ತೋಳಿಗೆ ಸಿಕ್ಕಿಸಿದ್ದ ಪಿನ್ನನ್ನು ತೋರಿಸಿದ. "ಅದನ್ನ ತೆಗಿ. ಒಂದೊಂದೇ ಬೆರಳಿಗೆ ಒತ್ತು. ಎಲ್ಲೀವರೆಗೂ ಹೋಗಿದೆ ನೋಡ್ಬಿಡೋಣ" ಎಂದು ಕನ್ನಡಕ ತೆಗೆದಿಟ್ಟು, ಕಣ್ಣು ಮುಚ್ಚಿ, ಬಲಗೈ ಚಾಚಿದ.

ಅವಳು ಕಿರುಬೆರಳಿಗೆ ಒತ್ತಿದಳು. "ಹೂಂ" ಎಂದ. ಉಂಗುರದ ಬೆರಳಿಗೆ ಒತ್ತಿದಳು. "ಹೂಂ." ನಡುಬೆರಳಿಗೆ ಒತ್ತಿದಾಗ ಸ್ವಲ್ಪ ತಡವಾಗಿ, ಅನುಮಾನದಿಂದ, "ಹೂಂ" ಎಂದ. ತೋರುಬೆರಳಿಗೆ ಬಂದಳು.

"ಒತ್ತೇ" ಎಂದ.

"ಒತ್ತಿದೀನಿ."

"ಹೆದರ್ಬೇಡ, ಗಟ್ಟಿಯಾಗಿ ಒತ್ತು."

ಪಿನ್ನಿನ ಮೊನೆ ಚರ್ಮದೊಳಗೆ ಇಳಿದಿತ್ತು. ಅದರ ಸುತ್ತ ರಕ್ತದ ಸಣ್ಣ ಹನಿ ಕಟ್ಟಿಕೊಂಡಿತ್ತು.

"ಒತ್ತಿದೀನಿ ಕಣ್ರೀ" ಎಂದಳು.

ಅವನು ಕಣ್ಣು ತೆರೆಯಲಿಲ್ಲ. ಎಡಗೈಯನ್ನು ಮುಂದೆ ಚಾಚಿದ.